ಒಂಟಿಗೆ ಟಿ, ಜಂಟಿಗೆ ಎನ್‌ಟಿ

ಲೊರೆಶೋ, ನೈರೋಬಿ
8 ಜೂನ್ 2025

ಪ್ರೀತಿಯ, ಸದಾ ಬಿಜಿಯಾದ ವಿಜಿ,

ವಾಟ್ಸಾಪಿನಲ್ಲಿ ಬರೆದರೆ ನಿನಗಿಂತ ಮೊದಲು ನಿನ್ನ ಮಕ್ಕಳು ಓದುತ್ತಾರೆ. ಅದಕ್ಕೇ ಕಾಗದ. ಮೈಸೂರಿಗೆ ಹೊರಟಿರುವ ಪ್ರಶಾಂತ್ ಎಂಬ ಪುಣ್ಯಾತ್ಮ ತಂದುಕೊಡುತ್ತಾನೆ, ಒಂದು ಲೋಟ ಕಾಫಿ ಕೊಟ್ಟು ಕಳಿಸು. ಮುಂದಿನ ತಿಂಗಳು ನಾನೇ ಬರುತ್ತೇನೆ, ಆದರೆ ಅಲ್ಲಿಯತನಕ ಈ ಸುದ್ದಿ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಲಕ್ಷ್ಮೀಶರನ್ನು ಮದುವೆಯಾಗಿ ಇಲ್ಲಿಗೆ ಬಂದು ಎರಡು ವರ್ಷವಾಯಿತು. ಫೋನು ಮಾಡಿದಾಗಲೆಲ್ಲ ನಿನ್ನದು ಒಂದೇ ಪ್ರಶ್ನೆ: ಅವರ ಮಗಳು ನಿನ್ನನ್ನು ಹಚ್ಚಿಕೊಂಡಳೇನೇ? ನಾನು ಊಟ, ಚಳಿ, ಮಟಾಟು ಬಸ್ಸಿನ ಗಲಾಟೆ ಅಂತ ಮಾತು ತೇಲಿಸುತ್ತಿದ್ದೆ. ನನಗೇ ಗೊತ್ತಿರಲಿಲ್ಲ ಕಣೇ. ಅಮೂಲ್ಯಳಿಗೆ ಹದಿಮೂರು. ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ‘ಯೂ’ ಎಂಬ ಶಬ್ದದೊಳಗೆ ನಾನು ‘ನೀನೋ’ ‘ನೀವೋ’, ಎಷ್ಟು ಸೋಸಿದರೂ ತಿಳಿಯದು.

ಗುಟ್ಟು ಬಿಟ್ಟುಕೊಟ್ಟಿದ್ದು ಲ್ಯಾಟಿನ್. ಲ್ಯಾವಿಂಗ್ಟನ್ನಿನ ಅವಳ ಶಾಲೆಯಲ್ಲಿ ಅದೂ ಒಂದು ಪಾಠ. ಮನೆಯಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠವಿರುವವಳು ನಾನೊಬ್ಬಳೇ ಆದ್ದರಿಂದ ಹೇಳಿಕೊಡುವ ಕೆಲಸ ನನ್ನ ಕೊರಳಿಗೇ ಬಿತ್ತು. ಪುಯೆಲ್ಲಾ ಅಂದರೆ ಹುಡುಗಿ, ಪುಯೆಲ್ಲೈ ಅಂದರೆ ಹುಡುಗಿಯರು. ಜೊತೆಗೆ ಕ್ರಿಯಾಪದವೂ ಬದಲಾಗಬೇಕು. ಅಮಟ್ ಅಂದರೆ ಅಮಟೆಕಾಯಿ ಅಲ್ಲ, ‘ಪ್ರೀತಿಸುತ್ತಾಳೆ’. ಅಮಂಟ್ ಅಂದರೆ ‘ಪ್ರೀತಿಸುತ್ತಾರೆ’. ನಾನು ಪ್ರಾಸ ಕಟ್ಟಿದೆ: ಒಂಟಿಗೆ ಟಿ, ಜಂಟಿಗೆ ಎನ್‌ಟಿ. ಹುಡುಗಿ ಹಣೆ ಚಚ್ಚಿಕೊಂಡು, ಒಂಟಿ, ಜಂಟಿ ಎರಡರಲ್ಲೂ ‘ಎನ್‌ಟಿ’ಯೇ ಕೇಳಿಸುತ್ತದಲ್ಲ ಅಂದಳು. ಪ್ರಾಸದ ಮೇಲೆ ಅಷ್ಟೊಂದು ಜವಾಬ್ದಾರಿ ಹೊರಿಸಬಾರದು ಅಂದೆ.

ಪೇರೆಂಟ್ಸ್ ಮೀಟಿಂಗಿನಲ್ಲಿ ಲ್ಯಾಟಿನ್ ಮೇಷ್ಟ್ರು ಡೆಂಜಿಲ್ ಸಿಕ್ಕರು, ಮಂಗಳೂರಿನವರು. ನಗುತ್ತಲೇ ಹೇಳಿದರು: ಮನೆಯವರ ಬಗ್ಗೆ ಬರೆಯಲು ಹೇಳಿದ್ದೆ ಮಾರಾಯ್ರೆ. ಅಪ್ಪ ನಿದ್ದೆ ಮಾಡುತ್ತಾನೆ, ಸರಿ. ನಾಯಿ ಓಡುತ್ತದೆ, ಸರಿ. ನೀವು ಮಾತ್ರ ಲಬೋರಂಟ್, ‘ದುಡಿಯುತ್ತಾರೆ’! ಒಬ್ಬರೇ ಇದ್ದು ಹಲವರಾಗಿ ದುಡಿಯುತ್ತೀರಿ. ಲ್ಯಾಟಿನ್‌ನಲ್ಲಿ ರಾಜನಿಗೂ ಏಕವಚನವೇ ಮಗಾ ಅಂತ ತಿದ್ದಿದೆ.

ನಾನು ಹತ್ತಾಳಿನ ಕೆಲಸ ಮಾಡುವ ಸುದ್ದಿ ರೋಮಿನವರೆಗೂ ಹೋಯಿತೇ ಅಂತ ನಾನೂ ನಕ್ಕೆ. ಕಾರು ಹತ್ತಿದ ಮೇಲೆ ನಗು ಇಳಿಯಿತು. ಅಂದರೆ ಹುಡುಗಿ ತಲೆಯೊಳಗೆ ಕನ್ನಡದಲ್ಲೇ ಯೋಚಿಸುತ್ತಾಳೆ. ಅಲ್ಲಿ ಅಪ್ಪ ಮಲಗುತ್ತಾನೆ, ತೀರಿಹೋದ ಅಮ್ಮ ಹಾಡುತ್ತಿದ್ದಳು, ಆಂಟಿ ಕೆಲಸ ಮಾಡುತ್ತಾರೆ. ಬಹುವಚನ ನನಗೊಬ್ಬಳಿಗೇ. ಬಂದ ನೆಂಟರಿಗೆ ಕೊಡುವ ಮರ್ಯಾದೆ.

ಮೊನ್ನೆ ಊಟಕ್ಕೆ ಕೂತಾಗ, ತಮ್ಮನ ಗೃಹಪ್ರವೇಶಕ್ಕೆ ಊರಿಗೆ ಹೊರಡುವ ದಿನ ಹೇಳಿದೆ. ಅವಳ ಲ್ಯಾಟಿನ್ ಪರೀಕ್ಷೆಯೂ ಅದೇ ವಾರವಂತೆ, ನನಗೆ ನೆನಪಿರಲಿಲ್ಲ. ತಟ್ಟೆ ಸರಿಸಿ ಎದ್ದವಳು ಅಚ್ಚ ಕನ್ನಡದಲ್ಲಿ ಕಿರುಚಿದಳು: ನೀನು ಹೋಗ್ಬಿಟ್ರೆ ನಂಗ್ಯಾರು ಹೇಳ್ಕೊಡ್ತಾರೆ? ಬುದ್ಧಿ ಇದ್ಯಾ ನಿಂಗೆ?

ಇವರು ತಕ್ಷಣ, ಏಯ್, ದೊಡ್ಡವರ ಹತ್ರ ಮರ್ಯಾದೆಯಿಂದ ಮಾತಾಡು, ‘ನೀವು’ ಅನ್ನು, ಅಂತ ಗದರಿದರು. ನಾನು ಸಾರಿನ ಸೌಟು ಎತ್ತಿ, ರೀ, ನೀವು ಸ್ವಲ್ಪ ಬಾಯಿ ಮುಚ್ಚಿಕೊಳ್ಳಿ ಅಂದೆ. ಮದುವೆಯಾದ ಮೇಲೆ ಇದೇ ಮೊದಲು. ಪಾಪ, ಬಹುವಚನದಲ್ಲೇ ಬೈಸಿಕೊಂಡರು.

ಆಮೇಲೆ ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ಅತ್ತುಬಿಟ್ಟೆ. ಹಿಂದೆಯೇ ಬಂದವಳು ಸಾರಿ ಆಂಟಿ ಅಂತ ಶುರುಮಾಡಿದಳು. ಸಾರಿ ಬೇಡ, ಇನ್ನೊಂದ್ಸಲ ಬೈ ಅಂದೆ. ನಿಂಗೆ ನಿಜವಾಗ್ಲೂ ಬುದ್ಧಿ ಇಲ್ಲ ಅಂತ ಗೊಣಗಿ, ತಟ್ಟೆ ತಂದು ನನ್ನ ಕೈಲೇ ಮತ್ತೆ ಅನ್ನ ಹಾಕಿಸಿಕೊಂಡಳು.

ಇನ್ನು ಮುಂದೆ ಏಕವಚನದವಳಾದ,
ನಿನ್ನ ಶ್ರೀರಂಜನಿ

ತಾ.ಕ.: ನಾನು ಕಾದಿರಿಸಿದ್ದು ಬರೀ ಹೋಗುವ ಟಿಕೆಟ್ಟು ವಿಜಿ. ವಾಪಸಿನದು ಇರಲಿಲ್ಲ. ಇವರಿಗೂ ಹೇಳಿರಲಿಲ್ಲ, ನಿನಗೂ ಹೇಳಿರಲಿಲ್ಲ. ನಿನ್ನೆ ಅದನ್ನು ರದ್ದುಮಾಡಿಸಿದೆ. ಪರೀಕ್ಷೆ ಮುಗಿಸಿಕೊಂಡು ಅವಳೂ ನಾನೂ ಬರುತ್ತೇವೆ, ಹದಿನೈದು ದಿನವಿದ್ದು ಇಬ್ಬರೂ ವಾಪಸು. ಗೃಹಪ್ರವೇಶ ತಪ್ಪುತ್ತದೆ, ತಮ್ಮನಿಗೆ ನೀನೇ ಸಮಾಧಾನ ಹೇಳು.