ಜಾರುವ ಟಿಪ್ಪರಿಗೆ ಕೊಟ್ಟ ಕಲ್ಲು

ವೈನಿ, ಲಡಾಖಿನಿಂದ ನಮಸ್ಕಾರ. ಬದುಕಿದ್ದೇನೆ, ಅದೂ ಕುಣಿಯುವಷ್ಟು ಖುಷಿಯಲ್ಲಿ!

ನಾವು ಕೆಲಸ ಮಾಡುವ ರಸ್ತೆಯೆಲ್ಲ ಗಾಜಿನಂಥ ಮಂಜುಗಡ್ಡೆ. ಗಾಡಿ ಹಿಡಿತ ತಪ್ಪಿ ಕದಲಿದರೆ ಎಲ್ಲರೂ ಓಡಿ ಬದಿಯ ದಿಬ್ಬ ಹತ್ತಬೇಕೆಂಬುದು ಇಲ್ಲಿಯ ನಿಯಮ. ಇವತ್ತು ಏರಿನಲ್ಲಿ ಜಲ್ಲಿ ತುಂಬಿದ ಟಿಪ್ಪರ್ ಹಿಂದಕ್ಕೆ ಜಾರತೊಡಗಿತು. ದಾಂಡೇಲಿ ಘಟ್ಟದಲ್ಲಿ ಅಣ್ಣ ಕಲಿಸಿದ ಚಟ ನೋಡಿ, ಗಾಲಿಗೆ ಅಡ್ಡ ಕಲ್ಲು ಕೊಡಲು ಅದರ ಹಿಂಬದಿಗೇ ಓಡಿದೆ!

ನನ್ನ ಜೊತೆ ಕೆಲಸ ಮಾಡುವ ಮುಂಡಗೋಡದ ಭೀಮಸಿಂಗ್ ದಿಬ್ಬದಿಂದ ಚೀರಿದ: “ಏ ಹುಚ್ಚಾ, ಕಲ್ಲ ಬಿಟ್ಟು ಬಾಜೂಕ ಸರಿಯೋ!”

ಸರಿಯುವ ಮೊದಲೇ ಕಾಲು ಜಾರಿ, ಕುಂತಲ್ಲೇ ಗಿರಕಿ ಹೊಡೆಯುತ್ತ ಬದಿಯ ಹಿಮದ ರಾಶಿಗೆ ಬಿದ್ದೆ. ಟಿಪ್ಪರ್ ನನ್ನ ಕಲ್ಲನ್ನೂ ತಳ್ಳಿಕೊಂಡು ಸದ್ದಿಲ್ಲದೆ ಕೆಳಗಿಳಿದು, ದಿಬ್ಬಕ್ಕೆ ಒರಗಿ ನಿಂತಿತು. ಡ್ರೈವರೂ ಕ್ಷೇಮ.

ಸೊಂಟ ನೋವು ಬಿಟ್ಟರೆ ಆರಾಮ. ಊರಿಗೆ ಬಂದಾಗ ನಮ್ಮ ತೇರಗಾಂವದಲ್ಲಿ ಹಳಿಯಾಳದ ಬಸ್ಸು ಕಂಡರೂ ನಾನು ಓಡಿ ಕಟ್ಟೆ ಹತ್ತಿದರೆ, ನೀವು ಮಾತ್ರ ನಗಬೇಡಿ.

ನಿಮ್ಮ ಮೈದುನ,
ಉದಯ