ಅಮ್ಮ ಕಟ್ಟಿಕೊಟ್ಟ ಪೊಟ್ಟಣಗಳು

ಡಿಸೆಂಬರ್ ೩೦

ಪ್ರೀತಿಯ ಪುಟ್ಟ,

ಹೇಗಿದ್ದೀಯ? ನಿನ್ನ ಹಡಗು ಈಗ ಯಾವ ನೀರಿನ ಮೇಲಿದೆಯೋ ಗೊತ್ತಿಲ್ಲ. ಮುಂದಿನ ಬಂದರಿನ ವಿಳಾಸಕ್ಕೆ ಹಾಕುತ್ತಿದ್ದೇನೆ, ಜೊತೆಗೆ ಒಂದು ಪಾರ್ಸಲ್ಲೂ ಇದೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡಿರುತ್ತೀಯ. ಬೈದುಕೋ. ಆದರೆ ಡಿಸೆಂಬರ್ ಬಂದರೆ ನಮ್ಮ ಹಲ್ಲಿನ ಲ್ಯಾಬಿನ ಪಾಡು ನಿನಗೆ ಗೊತ್ತೇ ಇದೆ. ವರ್ಷವೆಲ್ಲ ಬೊಚ್ಚುಬಾಯಲ್ಲಿ ಹಾಯಾಗಿದ್ದವರಿಗೂ ಕ್ರಿಸ್ಮಸ್ ಊಟಕ್ಕೆ ಹಲ್ಲು ಬೇಕು. ಮೇಜಿನ ತುಂಬ ಊರವರ ಬಾಯಿಯ ಅಚ್ಚುಗಳು, ಉಗುರು ಸಂದಿಯಲ್ಲೆಲ್ಲ ಗುಲಾಬಿ ಮೇಣ. ಒಬ್ಬರು ಮುದುಕರಂತೂ ತಮ್ಮ ಸೆಟ್ಟು ಹಾಕಿಕೊಂಡು ಕನ್ನಡಿ ನೋಡಿ, ಇದು ನನ್ನ ನಗು ಅಲ್ಲ, ನನ್ನ ತಮ್ಮನದು ಎಂದು ವಾಪಸು ಕೊಟ್ಟರು. ತಮ್ಮನ ಮೇಲೆ ಅವರಿಗೆ ಏನು ಸಿಟ್ಟೋ.

ಇದೆಲ್ಲ ನೆಪ ಎಂದು ನಿನಗೆ ಅನ್ನಿಸುತ್ತದೆ. ಅರ್ಧ ನೆಪವೇ. ಉಳಿದರ್ಧವನ್ನು ಬರೆಯುವುದಕ್ಕೇ ಇವತ್ತು ಕೂತಿದ್ದೇನೆ. ಸುತ್ತ ಯಾರೂ ಇಲ್ಲದಿರುವಾಗ ಓದು.

ಅಣ್ಣ, ಅತ್ತಿಗೆ, ಗುಬ್ಬಿ ಮೂವರೂ ರಜೆಗೆ ಬಂದಿದ್ದರು. ಗುಬ್ಬಿಗೆ ಈಗ ಹತ್ತು ತುಂಬಿದೆ. ಉದ್ದ ಬೆಳೆದಿದ್ದಾಳೆ, ಮಾತು ಮಾತ್ರ ಇನ್ನೂ ಗುಬ್ಬಿಯದೇ, ಬೆಳಗಾದರೆ ಶುರು. ಅಣ್ಣನ ತಲೆಗೂದಲು ಇನ್ನಷ್ಟು ಹಿಂದೆ ಸರಿದಿದೆ. ದಿನವೆಲ್ಲ ಲಿಫ್ಟಿನ ಗುಂಡಿಯಲ್ಲಿ ಇಳಿದು ರಿಪೇರಿ ಮಾಡುವವನು, ಬಿಸಿಲಿಗೆ ಬಂದರೆ ಕಣ್ಣು ಕಿರಿದು ಮಾಡಿಕೊಳ್ಳುವ ಅಭ್ಯಾಸ ಬಿದ್ದಿದೆ. ಅತ್ತಿಗೆ ಬರುವಾಗಲೇ ಮೂರು ಕೇಕ್ ಮಾಡಿ ತಂದಿದ್ದರು. ಅದರಲ್ಲಿ ಒಂದು ದಾರಿಯಲ್ಲಿ ಗುಬ್ಬಿಯ ತೊಡೆಯ ಮೇಲೆ ಚಪ್ಪಟೆಯಾಗಿ, ನಾವು ಮೊದಲು ತಿಂದು ಮುಗಿಸಿದ್ದು ಅದನ್ನೇ.

ಈ ಹಿಮದ ಊರಿನಲ್ಲೂ ಈ ಸಲದ ಚಳಿ ವಿಚಿತ್ರ. ಕಿಟಕಿಯ ಗಾಜಿಗೆ ಒಳಗಡೆಯಿಂದಲೇ ಮಂಜು ಹತ್ತಿತ್ತು. ನಮ್ಮ ಬೀದಿಯ ಕೊನೆಯ ಕೆರೆ ದಡದಿಂದ ದಡಕ್ಕೆ ಹೆಪ್ಪುಗಟ್ಟಿ, ಮಕ್ಕಳೆಲ್ಲ ಅದರ ಮೇಲೇ ಇರುತ್ತಿದ್ದರು. ಒಂದು ಮಧ್ಯಾಹ್ನ ಅಮ್ಮನೂ ಬರುತ್ತೇನೆ ಎಂದು ಕೂತಳು. ನಾನು ಬೇಡ ಎಂದೆ, ಅಣ್ಣ ಬರಲಿ ಬಿಡು ಎಂದ. ಅವಳು ದಡದಲ್ಲಿ ನಿಂತು ನೋಡಿ ಬರುವವಳಲ್ಲ ಅಂತ ನಿನಗೆ ಗೊತ್ತಲ್ಲ. ಜಾರುಬಂಡಿಯ ಮೇಲೆ ಗುಬ್ಬಿಯನ್ನು ಮುಂದೆ ಕೂರಿಸಿಕೊಂಡು, ತಾನು ಹಿಂದೆ ಕೂತು, ಏರಿಯ ಮೇಲಿನಿಂದ ಕೆಳಕ್ಕೆ ಜಾರಿದಳು. ಟ್ರಾಮ್ ಓಡಿಸುತ್ತಿದ್ದ ದಿನಗಳ ಗಂಟಲು ಹಾಗೇ ಇದೆ. ‘ದಾರಿ ಬಿಡಿ, ಬ್ರೇಕ್ ಇಲ್ಲ’ ಎಂದು ಕೂಗಿದ್ದು ಆಚೆ ದಡಕ್ಕೂ ಕೇಳಿಸಿರಬೇಕು. ಎಲ್ಲರೂ ನಕ್ಕರು. ಅತ್ತಿಗೆ ಫೋಟೋ ತೆಗೆದರು. ನಾನೂ ನಕ್ಕೆ, ಆದರೆ ಅಮ್ಮ ಎದ್ದು ನಿಲ್ಲುವಾಗ ಒಂದು ಕೈಯಿಂದ ಹೊಟ್ಟೆಯ ಬಲಗಡೆ ಹಿಡಿದುಕೊಂಡದ್ದನ್ನು ನೋಡಿದೆ. ಬೇರೆ ಯಾರೂ ನೋಡಲಿಲ್ಲ. ಎಲ್ಲಿ ನೋಡಬೇಕು ಅಂತ ಅವರಿಗೆ ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು, ಪುಟ್ಟ. ಅಕ್ಟೋಬರಿನಲ್ಲಿ ಊಟ ಸೇರುತ್ತಿಲ್ಲ ಎಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಹೊಟ್ಟೆಯಲ್ಲಿ ಗಡ್ಡೆ ಇದೆ, ಅದು ಆಗಲೇ ಲಿವರಿಗೂ ಹಬ್ಬಿದೆ ಎಂದರು. ಕೊಯ್ದು ತೆಗೆಯುವ ಹಂತ ದಾಟಿದೆಯಂತೆ. ನರಕ್ಕೆ ಔಷಧಿ ಏರಿಸಿದರೆ ಕೆಲವು ತಿಂಗಳು ಮುಂದಕ್ಕೆ ಹೋಗಬಹುದು, ಆ ತಿಂಗಳುಗಳು ಹಾಸಿಗೆಯಲ್ಲೇ ಹೋಗುತ್ತವೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಹೇಳುವಾಗ ಅವರ ಕಣ್ಣೇ ತುಂಬಿತು. ಅಮ್ಮ ಅವರ ಕೈ ತಟ್ಟಿ, ನೀವು ಒಳ್ಳೆಯದಾಗಿ ವಿವರಿಸಿದಿರಿ ಎಂದಳು. ಔಷಧಿ ಬೇಡ ಎಂದು ಅಲ್ಲೇ ಹೇಳಿಬಿಟ್ಟಳು. ಹೊರಗೆ ಬಂದ ಮೇಲೆ ನನ್ನ ಹತ್ತಿರ ಒಂದೇ ಒಂದು ಮಾತು ತೆಗೆದುಕೊಂಡಳು. ಕ್ರಿಸ್ಮಸ್ ಮುಗಿಯುವವರೆಗೆ ಯಾರಿಗೂ ಹೇಳಬಾರದು. ರಜೆಗೆ ಬರುವ ಮಕ್ಕಳು ಅತ್ತ ಮುಖ ಹೊತ್ತು ಬರಬಾರದು ಅಂತ. ನಾನು ಒಪ್ಪಿಕೊಂಡೆ. ಆ ಮಾತನ್ನು ಬಚ್ಚಿಟ್ಟುಕೊಂಡು ಊರವರಿಗೆಲ್ಲ ನಗುವ ಹಲ್ಲು ಮಾಡಿಕೊಟ್ಟೆ.

ಉಡುಗೊರೆಗಳ ವಿಷಯಕ್ಕೆ ಬರುತ್ತೇನೆ. ಕ್ರಿಸ್ಮಸ್ ಹಿಂದಿನ ಸಂಜೆ ಎಲ್ಲರೂ ಮರದ ಸುತ್ತ ಕೂತೆವು. ಈ ಸಲ ಅಮ್ಮ ಅಂಗಡಿಗೆ ಕಾಲಿಟ್ಟಿರಲಿಲ್ಲ. ಎಲ್ಲರಿಗೂ ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿದ ಪೊಟ್ಟಣ. ಅಣ್ಣ ತನ್ನದನ್ನು ಬಿಚ್ಚಿದರೆ ಒಳಗೆ ಟ್ರಾಮಿನ ಹಿತ್ತಾಳೆಯ ಹಿಡಿ. ನಿವೃತ್ತಿಯ ದಿನ ಡಿಪೋದವರು ಅವಳಿಗೆ ಕೊಟ್ಟಿದ್ದು, ನಾವು ಮುಟ್ಟಿದರೆ ಬೆರಳಿನ ಕಲೆ ಬೀಳುತ್ತದೆ ಎಂದು ಗದರುತ್ತಿದ್ದಳಲ್ಲ, ಅದೇ. ಅತ್ತಿಗೆಗೆ ತನ್ನ ಮದುವೆಯಲ್ಲಿ ಹಾಕಿಕೊಂಡಿದ್ದ ಮುತ್ತಿನ ಓಲೆ. ಗುಬ್ಬಿಗೆ ನಮ್ಮಪ್ಪ ಬದುಕಿದ್ದಾಗ ಹಕ್ಕಿ ನೋಡುತ್ತಿದ್ದ ದುರ್ಬೀನು. ನಿನ್ನದು ಈ ಪಾರ್ಸಲ್ಲಿನಲ್ಲಿದೆ. ಅಪ್ಪನ ನೀಲಿ ಸ್ವೆಟರನ್ನು ಪೂರ್ತಿ ಬಿಚ್ಚಿ, ಆ ಉಣ್ಣೆಯನ್ನು ಒಗೆದು ಒಣಗಿಸಿ, ನಿನ್ನ ಅಳತೆಗೆ ಮತ್ತೆ ಹೆಣೆದಿದ್ದಾಳೆ. ಎಡತೋಳು ಒಂದು ಚೂರು ಗಿಡ್ಡ. ಕೊನೆಕೊನೆಗೆ ಬೆರಳು ಮಾತು ಕೇಳುತ್ತಿರಲಿಲ್ಲ. ಆ ಕೈಯನ್ನು ಮಡಚಿಕೊಂಡು ಹಾಕಿಕೋ, ಯಾರಿಗೂ ಗೊತ್ತಾಗುವುದಿಲ್ಲ.

ಮೊದಮೊದಲು ಖುಷಿಯೇ. ಗುಬ್ಬಿ ದುರ್ಬೀನು ತಿರುಗಿಸಿ ಅಣ್ಣನ ಕಡೆ ಹಿಡಿದು, ಅಪ್ಪ ಇರುವೆ ಆಗಿದ್ದಾನೆ ಎಂದು ಕುಣಿದಳು. ಅಣ್ಣ ಮಾತ್ರ ಆ ಹಿತ್ತಾಳೆಯನ್ನು ಕೈಯಲ್ಲಿ ತಿರುಗಿಸುತ್ತ ತಿರುಗಿಸುತ್ತ ಅಮ್ಮನ ಮುಖ ನೋಡಿದ. ಆಮೇಲೆ ಕೇಳಿದ.

“ಇದನ್ನೆಲ್ಲ ಈಗಲೇ ಯಾಕಮ್ಮ ಕೊಡ್ತಿದೀಯ?”

“ನೀವು ಬಿಚ್ಚಿ ನೋಡೋವಾಗ ನಿಮ್ಮ ಮುಖ ನಾನು ನೋಡಬೇಡ್ವೇನೋ?” ಎಂದಳು ಅಮ್ಮ.

ಅವನು ನನ್ನ ಕಡೆ ತಿರುಗಿದ. ನಾನು ಟೀ ಕಪ್ಪುಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಮಾರನೆಯ ದಿನ ನೀನು ಫೋನ್ ಮಾಡಿದಾಗ ಅಮ್ಮ ನಗುನಗುತ್ತ ಹಡಗಿನ ಊಟ ಏನು, ನೆಗಡಿ ಹೇಗಿದೆ ಎಂದೆಲ್ಲ ಕೇಳಿದಳಲ್ಲ, ಆಗಿನ್ನೂ ಅವಳು ಬಾಯಿ ಬಿಟ್ಟಿರಲಿಲ್ಲ. ನೀನು ಆ ನಗುವನ್ನು ನೆನೆದು ಮೋಸ ಹೋದೆ ಅಂದುಕೊಳ್ಳಬೇಡ. ನಿನ್ನ ಧ್ವನಿ ಕೇಳಿದಾಗ ಅವಳು ನಿಜವಾಗಿಯೇ ನಗುತ್ತಿದ್ದಳು.

ಹೇಳಿದ್ದು ಅದರ ಮರುದಿನ, ತಿಂಡಿಯಾದ ಮೇಲೆ. ಬಸ್ಸು ಹೊರಡುವ ಹೊತ್ತು ಹೇಳಿದ ಹಾಗೆ ಹೇಳಿದಳು, ಅಷ್ಟು ಸಪಾಟಾಗಿ. ಅತ್ತಿಗೆ ಎದ್ದು ಬಂದು ಅವಳ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟರು. ಅಣ್ಣ ತಟ್ಟೆ ಒರೆಸುತ್ತಿದ್ದವನು ಒರೆಸುತ್ತಲೇ ಇದ್ದ, ಅದೇ ತಟ್ಟೆಯನ್ನು. ಆಮೇಲೆ ನನ್ನನ್ನು ಕೇಳಿದ.

“ನಿಂಗೆ ಯಾವಾಗಿಂದ ಗೊತ್ತು?”

“ಅಕ್ಟೋಬರಿಂದ.”

“ನಾನೂ ಅವಳ ಹೊಟ್ಟೇಲೇ ಹುಟ್ಟಿದ್ದಲ್ವಾ?”

ಅಮ್ಮನೇ ಬೇಡ ಅಂದಿದ್ದಳು ಎನ್ನಬಹುದಿತ್ತು, ಆದರೆ ಅವಳ ಎದುರೇ ಅವಳ ಮೇಲೆ ಹಾಕುವುದು ಹೇಗೆ? ಅಣ್ಣ ಸಲಿಕೆ ತೆಗೆದುಕೊಂಡು ಹೊರಗೆ ಹೋದ. ನಮ್ಮ ಮೆಟ್ಟಿಲ ಮೇಲಿನ ಹಿಮ ತೆಗೆದ, ಪಕ್ಕದ ಮನೆಯವರದ್ದು ತೆಗೆದ, ಆಮೇಲೆ ಬೀದಿಯುದ್ದಕ್ಕೂ ತೆಗೆಯುತ್ತ ಹೋದ. ಕಿಟಕಿಯಿಂದ ನೋಡುತ್ತಿದ್ದೆ. ಯಾರೋ ಬಾಗಿಲು ತೆರೆದು ಥ್ಯಾಂಕ್ಸ್ ಅಂದರೆ ತಿರುಗಿಯೂ ನೋಡಲಿಲ್ಲ. ಒಳಗೆ ಬಂದಾಗ ಅವನ ಬೆರಳುಗಳು ಮಡಚುವಂತಿರಲಿಲ್ಲ. ಬೋಗುಣಿಯಲ್ಲಿ ಬೆಚ್ಚಗಿನ ನೀರು ತಂದು ಇಟ್ಟೆ. ಕೈ ಅದ್ದಿದ. ನಾನು ಹಿಂದೆ ಸರಿಯುವ ಮುಂಚೆ ನನ್ನ ಕೈಯನ್ನೂ ಹಿಡಿದು ಆ ನೀರಿಗೇ ಎಳೆದುಕೊಂಡ. ನೀರು ತಣ್ಣಗಾಗುವವರೆಗೆ ಇಬ್ಬರೂ ಹಾಗೇ ನಿಂತಿದ್ದೆವು. ಕ್ಷಮಿಸಿದನೋ ಇಲ್ಲವೋ ಗೊತ್ತಿಲ್ಲ. ಮಧ್ಯಾಹ್ನ ಬಚ್ಚಲುಮನೆಯ ಗೋಡೆಗೆ ತೂತು ಕೊರೆದು ಅಮ್ಮನಿಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು ಕೂರಿಸಿದ. ತಾನೇ ಅದಕ್ಕೆ ಜೋತುಬಿದ್ದು ಪರೀಕ್ಷೆ ಮಾಡಿದ.

ನಮ್ಮ ಮನೆಗೆ ಬಂದುಬಿಡು ಎಂದು ಅವನು ಅಮ್ಮನನ್ನು ಎಷ್ಟೋ ಕೇಳಿಕೊಂಡ. ನಾಲ್ಕನೇ ಮಹಡಿಯಲ್ಲಿ ಸಾಯಲು ನಂಗೆ ಇಷ್ಟವಿಲ್ಲ, ನಿನ್ನ ಲಿಫ್ಟಿನ ಮೇಲೆ ನಂಬಿಕೆಯಿಲ್ಲ ಎಂದಳು. ಅವನಿಗೂ ನಗು ಬಂತು, ಪಾಪ, ಅಳು ಬರುವುದಕ್ಕೆ ಸ್ವಲ್ಪ ಮುಂಚೆ.

ಉಳಿದ ದಿನಗಳು ಹೇಗೋ ಕಳೆದವು. ಇಸ್ಪೀಟು ಆಡಿದೆವು, ಅಮ್ಮ ಮೊದಲಿನ ಹಾಗೇ ಮೋಸ ಮಾಡಿದಳು, ನಾವು ಮೊದಲ ಸಲ ಅದನ್ನು ಕಂಡೂ ಕಾಣದ ಹಾಗೆ ಬಿಟ್ಟೆವು. ಅದು ಅವಳಿಗೆ ಗೊತ್ತಾಗಿ ಎಲೆಗಳನ್ನು ಕೆಳಗಿಟ್ಟಳು. ಹೀಗೆ ಬಿಟ್ಟುಕೊಟ್ಟರೆ ಆಟದಲ್ಲಿ ಏನು ಮಜ ಎಂದಳು. ಆಮೇಲೆ ಯಾರೂ ಎಲೆ ಮುಟ್ಟಲಿಲ್ಲ.

ಊಟದ ಮೇಜಿನ ಮೇಲೆ ಗುಬ್ಬಿ ಮತ್ತು ಅಮ್ಮ ಒಂದು ದೊಡ್ಡ ಚಿತ್ರ ಜೋಡಿಸುತ್ತಿದ್ದರು. ಸಣ್ಣಸಣ್ಣ ತುಂಡು ಸೇರಿಸಿ ಮಾಡುವಂಥದ್ದು, ಸಮುದ್ರ, ದೀಪಸ್ತಂಭ, ಮೇಲೆ ಬರೀ ಆಕಾಶ. ನಾವೆಲ್ಲ ಮಡಿಲಲ್ಲಿ ತಟ್ಟೆ ಇಟ್ಟುಕೊಂಡೇ ಉಂಡೆವು. ಗುಬ್ಬಿಗೆ ಯಾರೂ ಏನೂ ಹೇಳಿರಲಿಲ್ಲ, ಆದರೆ ಈ ಮನೆಯಲ್ಲಿ ಏನು ಬಚ್ಚಿಡಲು ಸಾಧ್ಯ? ಹೊರಡುವ ಹಿಂದಿನ ದಿನ ತುಂಡು ಹುಡುಕುತ್ತ ಹುಡುಕುತ್ತಲೇ ಕೇಳಿಬಿಟ್ಟಳು.

“ಅಜ್ಜಿ, ನೀನು ಸತ್ತೋಗ್ತೀಯಾ?”

“ಹೂಂ ಪುಟ್ಟಿ. ಆದರೆ ಈ ಆಕಾಶ ಮುಗಿಸದೆ ಹೋಗಲ್ಲ. ಕೈ ಹಾಕಿದ ಕೆಲಸ ಅರ್ಧಕ್ಕೆ ಬಿಟ್ಟೋಳಲ್ಲ ನಾನು.”

ಗುಬ್ಬಿ ತಲೆಯಾಡಿಸಿ ಕೆಲಸ ಮುಂದುವರಿಸಿದಳು. ನಿನ್ನೆ ಅವರು ಹೊರಟರು. ಇವತ್ತು ಬೆಳಿಗ್ಗೆ ನೋಡಿದರೆ ಚಿತ್ರ ಪೂರ್ತಿಯಾಗಿದೆ, ಮೇಲಿನ ಮೂಲೆಯ ಒಂದು ತುಂಡು ಮಾತ್ರ ಇಲ್ಲ. ಮೇಜಿನ ಕೆಳಗೆ, ಕಂಬಳಿಯ ಕೆಳಗೆ ಎಲ್ಲ ಹುಡುಕಿದೆ. ಹತ್ತು ಗಂಟೆಗೆ ಅತ್ತಿಗೆಯ ಫೋನ್ ಬಂತು. ತುಂಡು ಗುಬ್ಬಿಯ ಕೋಟಿನ ಜೇಬಿನಲ್ಲಿ ಸಿಕ್ಕಿತಂತೆ, ಅಂಚೆಗೆ ಹಾಕುತ್ತೇನೆ ಎಂದರೆ ಮುಷ್ಟಿ ಬಿಡಿಸಲು ಕೊಡುತ್ತಿಲ್ಲವಂತೆ. ಅಮ್ಮನಿಗೆ ಹೇಳಿದೆ. ಆ ತೂತಿನ ಸುತ್ತ ಬೆರಳಾಡಿಸಿ, ಬುದ್ಧಿವಂತೆ, ಇರಲಿ ಬಿಡು, ಮೇಜನ್ನು ಹಾಗೇ ಬಿಡೋಣ ಎಂದಳು.

ಫೋನಿನಲ್ಲಿ ನಿನಗೆ ಹೇಳುವುದು ಬೇಡ ಎಂದದ್ದು ಅವಳೇ. ನಾಲ್ಕು ಜನರ ಮುಂದೆ ನಿಂತು ಕೇಳಿಸಿಕೊಂಡರೆ ನೀನು ಅಳಲೂ ಆಗದೆ ಒದ್ದಾಡುತ್ತೀಯ, ಕಾಗದವಾದರೆ ಒಂದು ಮೂಲೆ ಹುಡುಕಿಕೊಳ್ಳುತ್ತೀಯ ಅಂತ. ಮೂಲೆ ಸಿಕ್ಕಿತೇ, ಪುಟ್ಟ? ನಿಮ್ಮ ಕ್ಯಾಪ್ಟನ್ನರ ಹತ್ತಿರ ಮಾತಾಡು. ರಜೆ ಸಿಕ್ಕಿದರೆ ಫೆಬ್ರವರಿಯೊಳಗೆ ಬಾ. ಡಾಕ್ಟರಮ್ಮ ಬೇಸಿಗೆಯ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಬಂದಾಗ ಸ್ವೆಟರ್ ಹಾಕಿಕೊಂಡೇ ಬಾ, ತೋಳಿನ ವಿಷಯ ಎತ್ತಬೇಡ.

ಹೊತ್ತಿಗೆ ಸರಿಯಾಗಿ ತಿನ್ನು. ಡೆಕ್ಕಿನ ಮೇಲೆ ತಲೆಗೆ ಏನಾದರೂ ಕಟ್ಟಿಕೋ. ಎಲ್ಲಿದ್ದರೂ ನೀನು ಚೆನ್ನಾಗಿರಬೇಕು, ಹೊಸ ವರ್ಷ ನಿನ್ನನ್ನು ಮೃದುವಾಗಿ ನಡೆಸಿಕೊಳ್ಳಲಿ. ಅಮ್ಮನೂ ನಿನ್ನ ತಲೆ ಸವರಿ ಇದನ್ನೇ ಹೇಳುತ್ತಾಳೆ.

ನಿನ್ನ
ಅಕ್ಕ

ಮ.ವಿ.: ಲಕೋಟೆಗೆ ಹಾಕಿದ ಕಾಗದವನ್ನು ಮತ್ತೆ ಹೊರಗೆ ತೆಗೆದೆ. ನೀನು ಕೇಳಿಯೇ ಕೇಳುತ್ತೀಯ, ಅಕ್ಕ, ನಿನಗೇನು ಕೊಟ್ಟಳು ಅಂತ. ಅತ್ತಿಗೆಯೂ ಆ ಸಂಜೆ ಕೇಳಿದರು. ನನಗೆ ಮೊದಲೇ ಕೊಟ್ಟಾಗಿದೆ ಎಂದೆ. ಸುಳ್ಳು. ನನಗೆ ಏನೂ ಇರಲಿಲ್ಲ, ಪುಟ್ಟ. ಪೊಟ್ಟಣಗಳನ್ನು ಕಟ್ಟುವಾಗ ದಾರ ಒತ್ತಿ ಹಿಡಿದದ್ದು ನಾನೇ. ನನ್ನದನ್ನು ನನ್ನೆದುರೇ ಕಟ್ಟುತ್ತಾಳೆಯೇ, ಎಲ್ಲೋ ಬಚ್ಚಿಟ್ಟಿರುತ್ತಾಳೆ ಎಂದುಕೊಂಡಿದ್ದೆ. ಎಲ್ಲರೂ ಬಿಚ್ಚಿ ಮುಗಿಸಿದರು, ಮರದ ಕೆಳಗೆ ಖಾಲಿ ಕಾಗದ ಮಾತ್ರ ಉಳಿಯಿತು. ನಲವತ್ತಾರು ವರ್ಷದವಳು, ಮಗುವಿನ ಹಾಗೆ ಆ ಕಾಗದಗಳನ್ನು ಒಂದೊಂದಾಗಿ ಎತ್ತಿ ನೋಡಿದೆ.

ಕೇಳಬಾರದು ಎಂದುಕೊಂಡಿದ್ದೆ. ಇವತ್ತು ಅವಳ ತಲೆ ಬಾಚುತ್ತಿದ್ದಾಗ ಬಾಯಿಂದ ಬಂದೇಬಿಟ್ಟಿತು. ‘ನಂಗೆ ಏನೂ ಇಲ್ವಾ ಅಮ್ಮ?’ ಅವಳು ನಿಜವಾಗಿಯೂ ಗಾಬರಿಯಾದಳು. ‘ಅಯ್ಯೋ, ನಿನ್ನ ನಾನು ಕೊಡೋರ ಜೊತೆ ಸೇರಿಸಿಬಿಟ್ಟಿದ್ನಲ್ಲೇ. ನಾವಿಬ್ಬರೂ ಸೇರಿ ಅವರಿಗೆ ಕೊಡ್ತಿದೀವಿ ಅಂತ ಇತ್ತು ನನ್ನ ತಲೇಲಿ.’

ಅಷ್ಟಕ್ಕೇ ಬಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬಹುಶಃ ಹೆಮ್ಮೆಯೂ ಪಡುತ್ತಿದ್ದೆ. ಆದರೆ ಅವಳು ಅರ್ಧ ಹೆಣೆದ ಜಡೆಯಲ್ಲೇ ಎದ್ದು, ಗೋಡೆ ಹಿಡಿದುಕೊಂಡು ಹೋಗಿ ಬೀರುವಿನ ಬಾಗಿಲು ತೆರೆದಳು. ಒಳಗೆ ಅವಳ ಎರಡು ಸೀರೆ, ಒಂದು ಶಾಲು, ಬರೀ ಹ್ಯಾಂಗರುಗಳು. ಸೀರೆಗಳ ಅಡಿಗೆ ಕೈ ತೂರಿಸಿ ತಡಕಿದಳು, ಡ್ರಾಯರ್ ಎಳೆದು ನೋಡಿದಳು, ಮತ್ತೆ ಸೀರೆಗಳ ಅಡಿಗೇ ಬಂದಳು. ಬೇಡಮ್ಮ, ತಮಾಷೆಗೆ ಕೇಳಿದೆ, ಬಾ ಎಂದೆ. ಅವಳು ತಿರುಗಲಿಲ್ಲ.

‘ಇರು, ಏನಾದ್ರೂ ಇರತ್ತೆ,’ ಎನ್ನುತ್ತ ಹುಡುಕುತ್ತಲೇ ಇದ್ದಳು.