ತಿರುಗಿಸುವ ಫೋನಿಗೊಂದು ಅಡಾಪ್ಟರ್

ಶನಿವಾರ, ಹದಿನಾಲ್ಕನೇ ತಾರೀಖು

ಎರಡು ವರ್ಷದಿಂದ ನನ್ನೊಡನೆ ಮಾತು ಬಿಟ್ಟಿರುವ ಯಜಮಾನರಿಗೆ, ನಿಮ್ಮ ಮನೆಯವಳ ನಮಸ್ಕಾರ.

ನಾಲ್ಕು ದಿನ ಅತ್ತೆಯ ಫೋನು ಬರದೆ ನೀವು ಗಾಬರಿಯಾಗಿದ್ದಿರಂತೆ. ಯಾಕೆ ಬರಲಿಲ್ಲವೆಂದು ನಿನ್ನೆ ಸಂಜೆ ಅವರು ನಿಮಗೆ ಹೇಳಿದ್ದು ಅರ್ಧ ಮಾತ್ರ. ಪೂರ್ತಿ ನನ್ನಿಂದ ಕೇಳಿ.

ನಿಮ್ಮ ಫೋನ್ ಕಂಪನಿಯವರೇ ನಮ್ಮ ಬೀದಿಯ ತಾಮ್ರದ ತಂತಿ ಕಿತ್ತರು. ಇನ್ನು ಮನೆ ಫೋನೂ ಇಂಟರ್ನೆಟ್ಟಿನಲ್ಲೇ, ನಂಬರ್ ಮಾತ್ರ ಹಳೆಯದೇ ಎಂದು ಬಾಗಿಲಿಗೆ ಚೀಟಿ ಅಂಟಿಸಿ ಹೋದರು. ರೂಟರ್, ಹಳೇ ಫೋನನ್ನು ಅದಕ್ಕೆ ಜೋಡಿಸುವ ಅಡಾಪ್ಟರ್ ಎಲ್ಲ ನಾವೇ ಕೊಳ್ಳಬೇಕು. ಅಂಗಡಿಯವನು ಎರಡೂ ಒಂದರಲ್ಲೇ ಇರೋದು ತಗೊಳ್ಳಿ ಅಕ್ಕಾ, ಜಂಜಾಟ ಇರಲ್ಲ ಅಂದ. ನಾನೂ ಹೂಂ ಅಂದೆ.

ಮನೆಗೆ ತಂದು ಮಾಡಿದ್ದೇನು ಗೊತ್ತೇ? ಅಭ್ಯಾಸಬಲ, ಫೋನಿನ ತಂತಿಯನ್ನು ನೀವು ಗೋಡೆಗೆ ಕೂರಿಸಿದ ಹಳೇ ಸಾಕೆಟ್ಟಿಗೇ ಚುಚ್ಚಿ ಅರ್ಧ ದಿನ ಕಾದೆ. ಲೈನ್‌ಮನ್ ಹೆಂಡತಿ ಅಂತ ಯಾರಿಗೂ ಹೇಳಬೇಡಮ್ಮ ಎಂದು ಅತ್ತೆ ನಕ್ಕಿದ್ದೇ ನಕ್ಕಿದ್ದು.

ಆಮೇಲೆ ತಂತಿಯನ್ನು ರೂಟರಿಗೆ ಹಾಕಿದೆ. ಫೋನಿನಲ್ಲಿ ಗುಂಯ್ ಎಂಬ ಡಯಲ್ ಟೋನ್ ಬಂತು. ಅತ್ತೆ ಎಂದಿನಂತೆ ಡಯಲಿನ ತೂತುಗಳನ್ನು ಬೆರಳಲ್ಲಿ ಎಣಿಸಿ ನಿಮ್ಮ ನಂಬರ್ ತಿರುಗಿಸಿದರು. ಹತ್ತು ಸಲ ತಿರುಗಿಸಿದರೂ ಗುಂಯ್ ನಿಲ್ಲಲಿಲ್ಲ, ಕರೆ ಹೋಗಲಿಲ್ಲ.

ಮತ್ತೆ ಅಂಗಡಿಗೆ ಹೋದೆ. ಈ ಡಬ್ಬಕ್ಕೆ ಗುಂಡಿ ಒತ್ತುವ ಫೋನು ಮಾತ್ರ ಅರ್ಥವಾಗುತ್ತದಂತೆ, ತಿರುಗಿಸುವ ಫೋನು ಆಗುವುದಿಲ್ಲವಂತೆ. ಹೇಗೂ ಬರೋ ಕಾಲ್ ಬರುತ್ತಲ್ಲ, ಸಾಕಲ್ವಾ ಅಂದ. ಅತ್ತೆಗೆ ಕಣ್ಣು ಮಂಜು, ಗುಂಡಿಗಳು ಕಾಣುವುದಿಲ್ಲ ಎನ್ನಬೇಕಿತ್ತು. ಬಾಯಿಂದ ಬಂದದ್ದೇ ಬೇರೆ. ಬರೋದನ್ನ ಕಾಯ್ತಾ ಕೂತು ಎರಡು ವರ್ಷ ಆಯ್ತಪ್ಪ, ಇನ್ನು ನಾವೇ ಮಾಡಬೇಕು ಎಂದುಬಿಟ್ಟೆ. ಪಾಪ, ಅವನು ತಬ್ಬಿಬ್ಬಾದ. ಒಂದೊಂದೇ ಪೆಟ್ಟಿಗೆಯ ಚೀಟಿ ಓದಿ, ಕೊನೆಗೆ ತಿರುಗಿಸುವ ಫೋನಿಗೂ ಆಗುವ ಬೇರೆ ಅಡಾಪ್ಟರ್ ಹುಡುಕಿಕೊಟ್ಟ. ಅದೀಗ ರೂಟರಿನ ಪಕ್ಕದಲ್ಲಿದೆ. ಕರೆಂಟು ಹೋದರೆ ಎರಡೂ ಸುಮ್ಮನಾಗುತ್ತವೆಂದು ಒಂದು ಬ್ಯಾಟರಿಯನ್ನೂ ಇಟ್ಟಿದ್ದೇನೆ.

ಅತ್ತೆ ನಿಮ್ಮೊಡನೆ ಮಾತಾಡುವಾಗ ನಾನು ಹೊಲಿಗೆ ಯಂತ್ರ ನಿಲ್ಲಿಸಿ ಕಿವಿ ಕೊಟ್ಟಿರುತ್ತೇನೆ. ಕೆಮ್ಮು ಹೋಯ್ತಾ, ಹೊತ್ತಿಗೆ ಸರಿಯಾಗಿ ಉಣ್ತೀಯಾ ಎಂದು ಅವರು ಕೇಳುವುದೆಲ್ಲ ನಾನು ಹೇಳಿಕೊಟ್ಟದ್ದು. ಆ ನಾಲ್ಕು ದಿನ ಅದೂ ಇಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ಹೀಗೇ ನಿಮ್ಮನ್ನು ಪೂರ್ತಿ ಕಳೆದುಕೊಂಡುಬಿಡುತ್ತೇನೇನೋ ಎಂದು ಹೆದರಿದೆ.

ಹೋದವರು ಅಲ್ಲೇ ಇರಿ ಎಂದದ್ದು ನನ್ನ ತಪ್ಪು, ಒಪ್ಪಿಕೊಂಡೆ. ನನ್ನನ್ನು ಒಂದು ಮಾತು ಕೇಳದೆ ಆ ಊರಿಗೆ ವರ್ಗ ಬರೆಸಿಕೊಂಡದ್ದು ನಿಮ್ಮ ತಪ್ಪು, ಅದನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಎದುರಿಗೆ ಬಂದು ಜಗಳವಾಡುವುದಾದರೆ ಬನ್ನಿ. ನಿಮ್ಮ ಕೋಣೆಯಲ್ಲಿ ಹರಡಿದ್ದ ಹೊಲಿಗೆಯ ಬಟ್ಟೆಗಳನ್ನೆಲ್ಲ ತೆಗೆದಿದ್ದೇನೆ.

ಇಂತಿ,
ಇನ್ನೂ ನಿಮ್ಮವಳೇ ಆದ
ಮನೆಯವಳು

ತಾ.ಕ.: ನಿನ್ನೆ ಮಧ್ಯಾಹ್ನ ಮನೆಯ ನಂಬರಿನಿಂದ ಕರೆ ಬಂದು ಕಟ್ ಆಯಿತಲ್ಲ, ಆಗ ಅತ್ತೆ ಮಲಗಿದ್ದರು. ಅದು ನಾನು. ಯಾರು ಎಂದು ನೀವು ಕೇಳಲಿಲ್ಲ. ಇನ್ನೂ ಕೋಪಾನಾ ಎಂದಿರಿ. ನಾನು ಫೋನು ಇಟ್ಟುಬಿಟ್ಟೆ. ಇಲ್ಲ ರೀ. ಮುಂದಿನ ಭಾನುವಾರ ನಾಲ್ಕಕ್ಕೆ ನಾನೇ ಮಾಡುತ್ತೇನೆ, ಎತ್ತಿಕೊಳ್ಳಿ.